ಮೂರು ಕಿರುಚಿತ್ರ, ಮೂರು ಬಗೆ: ಹೊಸಬರು ಶುರು ಮಾಡುವುದು ಹೇಗೆ?

ಹೊಸದಾಗಿ ಸಿನಿಮಾಕ್ಕೆ ಇಳಿದವರ ಕಿರುಚಿತ್ರಗಳನ್ನು ಸಾಲಾಗಿ ನೋಡಿ. ಒಂದು ಹಾರರ್, ಒಂದು ಲವ್ ಸ್ಟೋರಿ, ಒಂದು ಥ್ರಿಲ್ಲರ್ ಇರುತ್ತದೆ. ಕಥೆ ಬೇರೆ ಬೇರೆ. ಆದರೆ ಹೆಚ್ಚಿನವುಗಳಲ್ಲಿ ಪಾತ್ರಗಳು ಎದುರುಬದುರು ನಿಂತು ಎಲ್ಲವನ್ನೂ ಮಾತಿನಲ್ಲೇ ಹೇಳಿ ಮುಗಿಸುತ್ತವೆ. ಅದರ ಬದಲು ಒಂದೊಂದು ಚಿತ್ರದಲ್ಲಿ ಒಂದೊಂದು ಕೆಲಸ ಕಲಿಯುವ ಹಾಗೆ ಯೋಚಿಸಿ. ಶುರು ಮಾಡಲು ಒಳ್ಳೆಯ ಫೋನ್, ಟ್ರೈಪಾಡ್, ಒಂದು ಕಾಲರ್ ಮೈಕ್ ಸಾಕು.

ಮೊದಲನೆಯದರಲ್ಲಿ ಮಾತೇ ಬೇಡ

1964ರಲ್ಲಿ ಅಮೆರಿಕದ ಟೀವಿಗಾಗಿ ಸತ್ಯಜಿತ್ ರೇ ಅವರಿಂದ ಇಂಗ್ಲಿಷಿನ ಕಿರುಚಿತ್ರವೊಂದನ್ನು ಕೇಳಿದ್ದರು. ರೇ ಮಾತೇ ಇಲ್ಲದ ‘ಟೂ’ ಮಾಡಿಕೊಟ್ಟರು. ದೊಡ್ಡ ಮನೆಯ ಕಿಟಕಿಯಲ್ಲಿ ಒಬ್ಬ ಹುಡುಗ, ಕೆಳಗೆ ಗುಡಿಸಲಿನ ಹುಡುಗ. ಗುಡಿಸಲಿನವನು ಕೊಳಲು ಊದಿದರೆ ದೊಡ್ಡ ಮನೆಯವನು ಆಟದ ತುತ್ತೂರಿ ತರುತ್ತಾನೆ. ಇವನು ಗಾಳಿಪಟ ಹಾರಿಸಿದರೆ ಅವನು ಏರ್‌ಗನ್ನಿನಿಂದ ಹೊಡೆದು ಬೀಳಿಸುತ್ತಾನೆ. ಅವರ ಜಿದ್ದು ಯಾವ ಊರಿನವರಿಗೂ ಅರ್ಥವಾಗುತ್ತದೆ.

ನೀವೂ ಒಬ್ಬ ಮನುಷ್ಯ, ಒಂದು ಜಾಗ, ಒಂದು ಆಸೆ ಇಷ್ಟನ್ನೇ ಹಿಡಿದು ಐದು ನಿಮಿಷದ ಚಿತ್ರ ಬರೆಯಿರಿ. ಪ್ರತಿ ಶಾಟ್‌ನಲ್ಲಿ ಆತ ಏನು ನೋಡುತ್ತಾನೆ, ಏನು ಮಾಡುತ್ತಾನೆ ಅಂತ ಮಾತ್ರ ಬರೆಯಿರಿ. ‘ಬೇಜಾರಾಗಿದ್ದಾನೆ’ ಎಂದು ಬರೆದರೆ ಕ್ಯಾಮೆರಾಕ್ಕೆ ಏನೂ ಸಿಗುವುದಿಲ್ಲ.

ಫೋನ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು. 30 ಫ್ರೇಮ್, 1/60 ಇಟ್ಟರೆ ಟ್ಯೂಬ್‌ಲೈಟ್ ಬೆಳಕು ಮಿಣುಕುವ ಹಾಗೆ ಕಾಣಬಹುದು. ಫೋಕಸ್ ಮತ್ತು ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ತಾನಾಗಿ ಬದಲಾಗದ ಹಾಗೆ ಲಾಕ್ ಮಾಡಿ.

ಎರಡನೆಯದು ಕಿವಿಯ ಕೆಲಸ

ಈಗ ಮಾತು ಬರಲಿ. ಆದರೆ ಯಾವ ಮಾತು? ನಟರು ಮನೆಯಲ್ಲಿ ಆಡುವ ಮಾತು. ಧಾರವಾಡದವರ ಬಾಯಲ್ಲಿ ಬೆಂಗಳೂರಿನ ಸೀರಿಯಲ್ ಕನ್ನಡ ತುರುಕಬೇಡಿ. ಕಥೆಯನ್ನೂ ಹತ್ತಿರದಲ್ಲೇ ಹುಡುಕಿ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಡಾಕ್ಟರ್ ಓದಿ, ಆಮೇಲೆ ಸಿನಿಮಾ ಕಲಿಸುವ ಪುಣೆಯ ಎಫ್‌ಟಿಐಐ ಸಂಸ್ಥೆ ಸೇರಿದವರು. ಅಲ್ಲಿ ಅವರು ಮಾಡಿದ 16 ನಿಮಿಷದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಅಜ್ಜಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಜನಪದ ಕಥೆಯ ಎಳೆ ಅದು. ಚಿಕ್ಕಂದಿನಲ್ಲಿ ಕೇಳಿದ ಇಂಥ ಕಥೆ ಎಷ್ಟು ಜನರ ಹತ್ತಿರ ಸುಮ್ನೆ ಬಿದ್ದಿದೆ, ಅಲ್ವಾ?

ಜಾಗ ಗೊತ್ತು ಮಾಡುವ ಮುಂಚೆ ಅಲ್ಲಿ ಕಣ್ಣು ಮುಚ್ಚಿ ಕೂತುಕೊಳ್ಳಿ. ಬೋರ್‌ವೆಲ್ ಮೋಟರ್, ಪಕ್ಕದ ಮನೆಯ ಕುಕ್ಕರ್ ಸೀಟಿ, ಫ್ಯಾನ್ ಎಲ್ಲವೂ ಕೇಳಿಸುತ್ತದೆ. ಶೂಟಿಂಗ್ ಹೊತ್ತಿಗೆ ಫ್ರಿಜ್ ಆಫ್ ಮಾಡಿ, ಬೈಕ್ ಕೀಲಿಯನ್ನು ಫ್ರಿಜ್ ಒಳಗೇ ಇಡಿ. ಸೌಂಡ್ ರೆಕಾರ್ಡಿಂಗ್ ಮಾಡುವವರ ಹಳೆಯ ಉಪಾಯ ಇದು. ಹೊರಡುವಾಗ ಆನ್ ಮಾಡಲು ಮರೆಯುವುದಿಲ್ಲ. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಲಿ. ಬಟ್ಟೆ ಉಜ್ಜುವ ಸದ್ದು ಬರುತ್ತದಾ ಅಂತ ಹೆಡ್‌ಫೋನ್ ಹಾಕಿ ಕೇಳಿ.

ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಶಬ್ದ ಪೂರಾ ನಿಂತುಹೋದರೆ ಕಿವಿಗೆ ಹೊಡೆಯುತ್ತದೆ. ಆ ಸಂದಿಗೆಲ್ಲ ಈ ಒಂದು ನಿಮಿಷ ತುಂಬಬೇಕು. ದೃಶ್ಯ ಸ್ವಲ್ಪ ಮಂಕಾಗಿದ್ದರೂ ಜನ ಕೂತು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಮೂರನೆಯದು ಸಾಕ್ಷ್ಯಚಿತ್ರ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟ. ಕುಲುಮೆಯವರು, ಹೂ ಕಟ್ಟುವವರು, ಯಾರಾದರೂ ಇರಲಿ. ಮೊದಲು ಕ್ಯಾಮೆರಾ ಇಲ್ಲದೆ ಹೋಗಿ ಜೊತೆಗೆ ಕೂತುಕೊಳ್ಳಿ. ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ‘ಹೌದು, ಇಲ್ಲ’ ಎಂದು ಮುಗಿಯುವ ಪ್ರಶ್ನೆ ಕೇಳಬೇಡಿ. ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಿ. ನಿಜವಾದ ಮಾತು ಆಗ ಬರುತ್ತದೆ. ಎಡಿಟ್ ಆದದ್ದನ್ನು ಮೊದಲು ಅವರಿಗೇ ತೋರಿಸಿ.

ಚಿತ್ರ ಕಳಿಸುವಾಗ

ಮುಗಿಸಿದ ಖುಷಿಗೆ ಆವತ್ತೇ ಯೂಟ್ಯೂಬ್‌ಗೆ ಹಾಕಬೇಡಿ. ಆಗಲೇ ಆನ್‌ಲೈನ್‌ನಲ್ಲಿರುವ ಚಿತ್ರವನ್ನು ಕೆಲವು ಚಿತ್ರೋತ್ಸವಗಳು ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವೇ ನಡೆಯುತ್ತದೆ. ತಿರುವನಂತಪುರದಲ್ಲಿ ಕೇರಳ ಚಲಚಿತ್ರ ಅಕಾಡೆಮಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ನಡೆಸುತ್ತದೆ. ಆಸ್ಕರ್ ನಿಯಮದಲ್ಲಿ ಟೈಟಲ್ ಕಾರ್ಡ್ ಎಲ್ಲ ಸೇರಿ 40 ನಿಮಿಷದವರೆಗೆ ಕಿರುಚಿತ್ರ. ಕಾನ್‌ನ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷವೇ ಮಿತಿ. ಸಿನಿಮಾ ಹಾಡನ್ನು ಅನುಮತಿ ಇಲ್ಲದೆ ಬಳಸಿದ್ದರೆ ಈಗಲೇ ತೆಗೆಯಿರಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದ ಮೇಲೆ ಕನ್ನಡ ಬಾರದ ಒಬ್ಬರನ್ನು ಕೂರಿಸಿ ತೋರಿಸಿ. ನಗಬೇಕಾದ ಕಡೆ ನಗದೆ ಹೋದರೆ ಆ ಸಾಲನ್ನು ಮತ್ತೆ ಬರೆಯಿರಿ.