ಆಕಾಶದಲ್ಲಿ ಕರೆಂಟು ಹೋದಾಗ: ಸಾಂಬ್ರಾ ದಾರಿಯ ಒಂದು ಅನುಭವ

ಡಿಸೆಂಬರ್ ತಿಂಗಳ ಒಂದು ಸಂಜೆ ದೆಹಲಿಯಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರುತ್ತಿದ್ದ ಏರ್‌ಬಸ್ ಎ-320 ವಿಮಾನಕ್ಕೆ ನಾನು ಕ್ಯಾಪ್ಟನ್ ಆಗಿದ್ದೆ. 36,000 ಅಡಿ ಎತ್ತರದಲ್ಲಿ ವಿಜಯಪುರದ ಹತ್ತಿರ ಬಂದಿದ್ದೆವು. ಇನ್ನೆರಡು ನಿಮಿಷಕ್ಕೆ ಇಳಿಯಲು ಆರಂಭಿಸಬೇಕು ಎನ್ನುವಷ್ಟರಲ್ಲಿ ನನ್ನ ಮುಂದಿನ ಎರಡೂ ಪರದೆಗಳು ಒಮ್ಮೆಲೇ ಕಪ್ಪಾದವು. ಆಟೋಪೈಲಟ್ ಕಳಚಿತೆಂದು ಸಾರುವ ತುತ್ತೂರಿಯಂಥ ಸದ್ದು ಕಾಕ್‌ಪಿಟ್ ತುಂಬಿತು, ಕಿವಿಯಲ್ಲಿದ್ದ ರೇಡಿಯೋ ಸದ್ದು ಅರ್ಧಕ್ಕೇ ನಿಂತಿತು. ಬಲಗಡೆ ಸಹಪೈಲಟ್ ಮುಂದಿನ ಪರದೆಗಳು ಮಾತ್ರ ಎಂದಿನಂತೆ ಬೆಳಗುತ್ತಿದ್ದವು. ಗೋಕಾಕ ಕಡೆಯ ಆ ಹುಡುಗಿ ಅಷ್ಟರಲ್ಲಾಗಲೇ ವಿಮಾನ ನಡೆಸುವ ತನ್ನ ಸೈಡ್‌ಸ್ಟಿಕ್ ಮೇಲೆ ಕೈ ಇಟ್ಟಿದ್ದಳು. ನಾನು ‘ಯು ಹ್ಯಾವ್ ಕಂಟ್ರೋಲ್’ ಎಂದೆ, ಆಕೆ ‘ಐ ಹ್ಯಾವ್ ಕಂಟ್ರೋಲ್’ ಎಂದಳು. ಆ ಸಂಜೆ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಸರಿಯಾದದ್ದು ಇದೇ ಎಂದು ಈಗಲೂ ನನ್ನ ಅಭಿಪ್ರಾಯ.

ಮುಂದಿನದು ತಿಳಿಯಬೇಕಾದರೆ ಈ ವಿಮಾನದೊಳಗೆ ಕರೆಂಟು ಹರಿಯುವ ರೀತಿಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಎರಡು ಎಂಜಿನ್‌ಗಳಿಗೆ ಒಂದೊಂದು ಜನರೇಟರ್ ಇದ್ದು, ಪ್ರತಿಯೊಂದರ ಸಾಮರ್ಥ್ಯ 90 ಕೆವಿಎ. ಮುಧೋಳದ ಹತ್ತಿರ ನಮ್ಮ ಹೊಲದ ಬದುವಿನಲ್ಲಿರುವ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎದ್ದು. ಹತ್ತಾರು ಪಂಪ್‌ಸೆಟ್ಟುಗಳನ್ನು ಅದೊಂದೇ ಎಳೆಯುತ್ತದೆ. ಅದಕ್ಕಿಂತ ದೊಡ್ಡ ಶಕ್ತಿ ಒಂದೊಂದು ರೆಕ್ಕೆಯ ಕೆಳಗೂ ಇದೆ ಎಂದರೆ ಅಪ್ಪ ಇಂದಿಗೂ ನಂಬುವುದಿಲ್ಲ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದಾದರೆ ವಿಮಾನದ್ದು 400 ಆವರ್ತದ್ದು. ಹಾಗಿದ್ದರೆ ಯಂತ್ರಗಳನ್ನು ಹಗುರವಾಗಿ ಕಟ್ಟಬಹುದು. ಒಂದನೆಯ ಜನರೇಟರ್ ಒಂದನೆಯ ಬಸ್ಸಿಗೆ, ಎರಡನೆಯದು ಎರಡನೆಯ ಬಸ್ಸಿಗೆ ಕರೆಂಟು ಕೊಡುತ್ತದೆ. ಇಲ್ಲಿ ಬಸ್ ಎಂದರೆ ಹಲವು ಉಪಕರಣಗಳಿಗೆ ಕವಲೊಡೆಯುವ ದಪ್ಪ ವಿದ್ಯುತ್ ಪಟ್ಟಿ. ಒಂದು ಜನರೇಟರ್ ಕೆಟ್ಟರೆ ಇನ್ನೊಂದು ಎರಡೂ ಬಸ್ಸುಗಳ ಭಾರವನ್ನು ತಾನೇ ಹೊರುತ್ತದೆ, ಪ್ರಯಾಣಿಕರಿಗೆ ಹೆಚ್ಚೆಂದರೆ ಬಿಸಿ ಊಟ ತಪ್ಪುತ್ತದೆ. ಆದರೆ ಬಸ್ಸೇ ಕೆಟ್ಟರೆ ಹಾಗಲ್ಲ. ಆಗ ಎಷ್ಟು ಜನರೇಟರ್‌ಗಳು ತಿರುಗುತ್ತಿದ್ದರೂ ಅದಕ್ಕೆ ಕರೆಂಟು ಕೊಡಲು ಸುರಕ್ಷತಾ ವ್ಯವಸ್ಥೆಯೇ ಬಿಡುವುದಿಲ್ಲ.

ನಮಗೆ ಹೋದದ್ದು ಒಂದನೆಯ ಬಸ್ಸು. ಕ್ಯಾಪ್ಟನ್ ಕಡೆಯ ಪರದೆಗಳು ಅತ್ಯವಶ್ಯ ಉಪಕರಣಗಳ ಬಸ್ಸಿನಿಂದ ನಡೆಯುತ್ತವೆ, ಆ ಬಸ್ಸಿಗೆ ಮಾಮೂಲಾಗಿ ಕರೆಂಟು ಸಿಗುವುದು ಒಂದನೆಯ ಬಸ್ಸಿನಿಂದ. ಹಿಂದಿನ ವಿಮಾನಗಳಲ್ಲಿ ಇಂಥ ಹೊತ್ತಿನಲ್ಲಿ ಪೈಲಟ್ ತಾನೇ ತಲೆಯ ಮೇಲಿನ ಫಲಕದಲ್ಲಿ ಒಂದು ಗುಂಡಿ ಒತ್ತಿ, ಅತ್ಯವಶ್ಯ ಬಸ್ಸನ್ನು ಎರಡನೆಯ ಬಸ್ಸಿಗೆ ಜೋಡಿಸಬೇಕಾಗಿತ್ತು. 2005ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮೇಲೆ ರಾತ್ರಿ ಹಾರುತ್ತಿದ್ದ, ಇದೇ ಬಗೆಯ ಎ-319 ಒಂದರಲ್ಲಿ ಪರದೆಗಳೂ ದೀಪಗಳೂ ಹೋಗಿ, ಆ ಗುಂಡಿ ಒತ್ತುವ ತನಕ ಸುಮಾರು ಒಂದೂವರೆ ನಿಮಿಷ ಕಳೆದಿತ್ತು. 2006ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮೇಲೆ ಇನ್ನೊಂದು ಎ-319 ರೇಡಿಯೋ ಸಂಪರ್ಕವನ್ನೇ ಕಳೆದುಕೊಂಡು ಬ್ರಿಸ್ಟಲ್‌ವರೆಗೆ ಹಾರಿ ಇಳಿಯಿತು. ಈಗಿನ ವಿಮಾನಗಳಲ್ಲಿ ಆ ಬದಲಾವಣೆ ತಾನಾಗಿಯೇ ಆಗುತ್ತದೆ. ನನ್ನ ಪರದೆಗಳೂ ಕೆಲವೇ ಸೆಕೆಂಡುಗಳಲ್ಲಿ ಮರಳಿ ಬಂದವು, ರೇಡಿಯೋವೂ ಮಾತಾಡಿತು. ಆದರೂ ಆ ಕೆಲವು ಸೆಕೆಂಡುಗಳಲ್ಲಿ ಕಪ್ಪು ಗಾಜಿನೊಳಗೆ ನನ್ನದೇ ಮುಖ ಕಂಡದ್ದನ್ನು ಮರೆಯುವಂತಿಲ್ಲ.

ನಡುವಿನ ಪರದೆಯಲ್ಲಿ ಹಳದಿ ಅಕ್ಷರಗಳಲ್ಲಿ ದೋಷದ ಹೆಸರು ಬಂದಿತ್ತು, ಅದರ ಕೆಳಗೆ ಮಾಡಬೇಕಾದ ಕೆಲಸವೂ ಇತ್ತು: ಕಾಕ್‌ಪಿಟ್ ಕೆಳಗಿರುವ ಎಲೆಕ್ಟ್ರಾನಿಕ್ ಉಪಕರಣಗಳ ಕೋಣೆಗೆ ಗಾಳಿ ಊದುವ ಫ್ಯಾನಿನ ಗುಂಡಿಯನ್ನು ಬದಲಿ ಸ್ಥಿತಿಗೆ ತರಬೇಕು. ಆ ಫ್ಯಾನಿಗೂ ಅದೇ ಬಸ್ಸಿನ ಕರೆಂಟು ಇದ್ದದ್ದರಿಂದ ಅದು ನಿಂತಿತ್ತು. ಗುಂಡಿ ಒತ್ತಿದರೆ ಹವಾನಿಯಂತ್ರಣದ ಗಾಳಿ ಅಲ್ಲಿಗೆ ಹೋಗುತ್ತದೆ. ಒತ್ತಿದೆ. ಜನರೇಟರ್ ಆರಿಸಿ ಹಚ್ಚಿರಿ, ಬಸ್ಸನ್ನು ಮತ್ತೆ ಜೋಡಿಸಿರಿ ಎಂದು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಮುಂದಿನ ಬಾಗಿಲಿನ ಹತ್ತಿರ ಕುಳಿತಿದ್ದ ಹಿರಿಯ ಪರಿಚಾರಕಿಯ ಕರೆ ಬಂತು. ಕ್ಯಾಬಿನ್ನಿನ ಕೆಲವು ದೀಪಗಳು ಆರಿದ್ದವು, ಓವನ್ನುಗಳು ನಿಂತಿದ್ದವು, ಅದಕ್ಕೆ ಆಕೆ ಗಾಬರಿಯಾಗಿರಲಿಲ್ಲ. ‘ಸರ್, ವಾಯರ್ ಸುಟ್ಟಂಗ ವಾಸನಿ ಬರಾಕತ್ತೈತಿ’ ಎಂದಳು. ಇಂಗ್ಲಿಷಿನಲ್ಲಿ ಹೇಳಲು ಕಲಿಸಿದ್ದನ್ನು ಬಿಟ್ಟು ಆಕೆ ತನ್ನ ಹುಬ್ಬಳ್ಳಿ ಮಾತಿನಲ್ಲಿ ಹೇಳಿದ್ದೇ ನನಗೆ ಸಾಕಾಯಿತು. ವಾಸನೆ ಬಂದರೆ ಮೊದಲು ಮಾಸ್ಕ್, ಆಮೇಲೆ ಮಾತು. ಬದಿಯ ಪೆಟ್ಟಿಗೆಯಿಂದ ಆಮ್ಲಜನಕದ ಮಾಸ್ಕ್ ಎಳೆದು ಕೆಂಪು ಹಿಡಿಕೆಗಳನ್ನು ಅದುಮಿದರೆ ಅದರ ಪಟ್ಟಿ ಗಾಳಿ ತುಂಬಿ ಹಾವಿನಂತೆ ಹಿಗ್ಗುತ್ತದೆ. ತಲೆಗೆ ಹಾಕಿ ಕೈಬಿಟ್ಟರೆ ಬಿಗಿದು ಕೂರುತ್ತದೆ. ಅಲ್ಲಿಂದ ಮುಂದೆ ಪ್ರತಿ ಮಾತಿನ ನಡುವೆಯೂ ಉಸಿರಿನ ಬುಸುಬುಸು ಸದ್ದು. ಇಬ್ಬರ ಉಸಿರೂ ಇಬ್ಬರ ಕಿವಿಗೂ ಕೇಳುತ್ತದೆ, ಯಾರು ಹೆದರಿದ್ದಾರೆ ಎನ್ನುವುದನ್ನು ಮುಚ್ಚಿಡಲು ಆಗುವುದಿಲ್ಲ.

ಸುಟ್ಟ ವಾಸನೆ ಎಂದರೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ನೆನಪಾಗುವುದು 1998ರ ಸೆಪ್ಟೆಂಬರ್ 2ರಂದು ಕೆನಡಾದ ನೋವಾ ಸ್ಕಾಟಿಯಾ ಕರಾವಳಿಯಲ್ಲಿ ಸಮುದ್ರಕ್ಕೆ ಬಿದ್ದ ಸ್ವಿಸ್‌ಏರ್ 111 ವಿಮಾನ. ಮೊದಲ ವಾಸನೆಗೂ ಅಂತ್ಯಕ್ಕೂ ನಡುವೆ ಇದ್ದದ್ದು ಸುಮಾರು 21 ನಿಮಿಷ, ಹೋದ ಜೀವಗಳು 229. ಹಾಗಾಗಿ ಹತ್ತಿರದ ನಿಲ್ದಾಣ ಯಾವುದು ಎಂಬುದೇ ಈಗ ಮುಖ್ಯ ಪ್ರಶ್ನೆಯಾಯಿತು. ನಕ್ಷೆಯಲ್ಲಿ ನೋಡಿದರೆ ವಿಜಯಪುರದಿಂದ ಕಲಬುರಗಿ ಬೆಳಗಾವಿಗಿಂತ ಹತ್ತಿರ, ಅದರ ರನ್‌ವೇಯೂ ಉದ್ದ. ಆದರೆ 36,000 ಅಡಿಯಿಂದ ಇಳಿಯುವುದಕ್ಕೇ ನೂರು ನಾಟಿಕಲ್ ಮೈಲಿಯ ಹತ್ತಿರ ಬೇಕಾಗುತ್ತದೆ. ಬೆಳಗಾವಿ ತೊಂಬತ್ತು ಮೈಲಿ ಚಿಲ್ಲರೆ ದೂರದಲ್ಲಿ ನೇರ ಮುಂದೆಯೇ ಇತ್ತು. ಹಿಂದಕ್ಕೆ ತಿರುಗಿ ಕಲಬುರಗಿಗೆ ಹೋದರೆ ಸುತ್ತುತ್ತಾ ಇಳಿಯಬೇಕಾಗಿ ಸಮಯವೇನೂ ಉಳಿಯುತ್ತಿರಲಿಲ್ಲ. ಹುಬ್ಬಳ್ಳಿಯದು 2,600 ಮೀಟರ್ ರನ್‌ವೇ, ಸಾಂಬ್ರಾದ್ದು 2,300. ದೂರ ಹೆಚ್ಚುಕಡಿಮೆ ಅಷ್ಟೇ. ಬೆಳಗಾವಿಗೆ ಇಳಿಯುವ ತಯಾರಿ ಮುಗಿದಿತ್ತು, ಆಕಾಶ ಶುಭ್ರವಾಗಿತ್ತು, ಗಾಳಿ ನೇರವಾಗಿತ್ತು. ಹೊಸದಾಗಿ ಇನ್ನೊಂದು ನಿಲ್ದಾಣಕ್ಕೆ ಸಿದ್ಧವಾಗುವುದರಲ್ಲಿ ಹೋಗುವ ನಿಮಿಷಗಳಿಗಿಂತ ಆ 300 ಮೀಟರ್ ದೊಡ್ಡದಲ್ಲ ಎಂದು ನಿರ್ಧರಿಸಿದೆ.

ನಿಯಂತ್ರಣ ಕೇಂದ್ರಕ್ಕೆ ತುರ್ತು ಸ್ಥಿತಿ ತಿಳಿಸುವ ‘ಪ್ಯಾನ್ ಪ್ಯಾನ್’ ಎಂಬ ಕರೆಯನ್ನು ಮೂರು ಸಲ ಸಾರಿ, ನೇರ ದಾರಿಯನ್ನೂ ತಕ್ಷಣ ಇಳಿಯುವ ಅನುಮತಿಯನ್ನೂ ಕೇಳಿದೆ, ಎರಡೂ ಸಿಕ್ಕವು. ವಾಸನೆಯ ಮೂಲ ಗೊತ್ತಿಲ್ಲದಿರುವಾಗ, ಪ್ರಾಣಾಪಾಯ ಸಾರುವ ‘ಮೇಡೇ’ ಎಂದೇ ಹೇಳಬೇಕಿತ್ತು. ಸಂಕೋಚಕ್ಕೆ ಒಂದು ಮೆಟ್ಟಿಲು ಕೆಳಗೆ ನಿಂತೆ, ಇನ್ನೊಮ್ಮೆ ಹಾಗೆ ಮಾಡುವುದಿಲ್ಲ.

ಆ ಹೊತ್ತಿನಲ್ಲಿ ಮನಸ್ಸಿಗೆ ಬರುವ ಆಸೆಯೊಂದಿದೆ. ಒಂದನೆಯ ಜನರೇಟರಿನ ಗುಂಡಿ ಕಣ್ಣೆದುರಿಗೇ ಇರುತ್ತದೆ. ಒಮ್ಮೆ ಆರಿಸಿ ಹಚ್ಚಿದರೆ ಎಲ್ಲವೂ ಮೊದಲಿನಂತಾದೀತು ಎನಿಸುತ್ತದೆ. ಕಬ್ಬಿಗೆ ನೀರು ಬಿಡುವಾಗ ಮೋಟರಿನ ಸ್ಟಾರ್ಟರ್ ಟ್ರಿಪ್ ಆದರೆ, ಚಿಕ್ಕವನಿದ್ದಾಗ ನಾನು ಓಡಿಹೋಗಿ ಹಸಿರು ಗುಂಡಿ ಒತ್ತುತ್ತಿದ್ದೆ. ಅಪ್ಪ ಒಮ್ಮೆ ಕೈ ಹಿಡಿದು ಹಿಂದಕ್ಕೆ ಎಳೆದು, ‘ಯಾಕ ಬಿತ್ತು ಅಂತ ಮೊದಲ ನೋಡೋ’ ಎಂದು ಬೈದು, ಸ್ಟಾರ್ಟರಿನ ಬಾಗಿಲು ತೆಗೆದು ಮೂಸಿ ನೋಡಿದ್ದು ನೆನಪಿದೆ. ಸುರಕ್ಷತಾ ವ್ಯವಸ್ಥೆ ತಾನಾಗಿ ಕಡಿದದ್ದಕ್ಕೆ ಮತ್ತೆ ಕರೆಂಟು ಕೊಟ್ಟರೆ, ಬಿಸಿಯಾಗಿ ನಿಂತ ಜಾಗಕ್ಕೆ ಎರಡನೆಯ ಸಲ ಬೆಂಕಿ ಇಟ್ಟಂತೆ. ಬಸ್ಸು ಸತ್ತೇ ಇರಲಿ ಎಂದುಕೊಂಡು ಇಳಿದೆವು.

ಹತ್ತು ನಿಮಿಷದ ನಂತರ ಮಾಸ್ಕಿನ ಅಂಚು ಎತ್ತಿ ಮೂಸಿದೆ, ವಾಸನೆ ಇರಲಿಲ್ಲ. ಮುಂದಿನ ಗ್ಯಾಲಿಯಲ್ಲಿಯೂ (ವಿಮಾನದ ಅಡುಗೆ ಜಾಗ) ಇಲ್ಲವೆಂದು ಪರಿಚಾರಕಿ ಹೇಳಿದ ಮೇಲೆ ಒಬ್ಬರಾದ ಮೇಲೊಬ್ಬರು ಮಾಸ್ಕ್ ತೆಗೆದೆವು. ಎರಡನೆಯ ಆಟೋಪೈಲಟ್ ಹಿಡಿದುಕೊಂಡಿತ್ತು. ಪ್ರಯಾಣಿಕರಿಗೆ ಕನ್ನಡದಲ್ಲಿಯೇ ಮೊದಲು ಹೇಳಿದೆ: ವಿದ್ಯುತ್ತಿನ ಒಂದು ಭಾಗ ನಿಂತಿದೆ, ಇನ್ನೊಂದು ಭಾಗದಿಂದ ವಿಮಾನ ಚೆನ್ನಾಗಿ ಹಾರುತ್ತಿದೆ, ರನ್‌ವೇ ಬದಿಗೆ ಅಗ್ನಿಶಾಮಕ ವಾಹನಗಳು ಕಾಣುತ್ತವೆ, ಅವನ್ನು ನಾವೇ ಕರೆಸಿದ್ದೇವೆ.

ಒಂದನೆಯ ಬಸ್ಸಿನ ಜೊತೆಗೆ ದ್ರವದ ಒತ್ತಡದಿಂದ ರೆಕ್ಕೆಯ ಭಾಗಗಳನ್ನು ಆಡಿಸುವ, ‘ನೀಲಿ’ ಎಂಬ ಹೆಸರಿನ ಹೈಡ್ರಾಲಿಕ್ ವ್ಯವಸ್ಥೆಯ ವಿದ್ಯುತ್ ಪಂಪೂ ನಿಂತಿತ್ತು. ಅದರಿಂದ ನಿಧಾನವಾಗಿ ಹಾರಲು ನೆರವಾಗುವ, ರೆಕ್ಕೆಯ ಮುಂಚೂಣಿಯ ಸ್ಲ್ಯಾಟ್‌ಗಳು ಅರ್ಧ ವೇಗದಲ್ಲಿ ಚಾಚಿಕೊಳ್ಳುತ್ತವೆ, ಎರಡೂ ರೆಕ್ಕೆಯ ತಲಾ ಒಂದು ಸ್ಪಾಯ್ಲರ್ (ನೆಲ ಮುಟ್ಟಿದ ಮೇಲೆ ವೇಗ ತಗ್ಗಿಸಲು ಎದ್ದು ನಿಲ್ಲುವ ಹಲಗೆ) ಏಳುವುದಿಲ್ಲ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ತೆಳುಗಾಳಿಯಿಂದಾಗಿ ನೆಲದ ಮೇಲಿನ ವೇಗ ಮೊದಲೇ ಸ್ವಲ್ಪ ಜಾಸ್ತಿ. ಇಷ್ಟನ್ನೂ ಲೆಕ್ಕಕ್ಕೆ ಹಿಡಿದು, ಮೇಲೆ ಶೇಕಡಾ 15ರಷ್ಟು ಹೆಚ್ಚು ಸೇರಿಸಿದರೂ ಇಳಿಯುವ ದೂರ 1,800 ಮೀಟರಿನೊಳಗೇ ಬಂತು. ಸ್ಲ್ಯಾಟ್‌ಗಳನ್ನು ಎಂದಿಗಿಂತ ಬಹಳ ಮೊದಲೇ ಇಳಿಬಿಟ್ಟೆವು. ಘಟಪ್ರಭೆ ದಾಟುವಾಗ ಕೆಳಗೆ ಸಕ್ಕರೆ ಕಾರ್ಖಾನೆಗಳ ದೀಪಗಳು ಹತ್ತಿದ್ದವು. ಸೂರ್ಯ ಮುಳುಗಿ ಪಡುವಣ ಇನ್ನೂ ಕೆಂಪಾಗಿರುವಾಗ ಸಹಪೈಲಟ್ ವಿಮಾನವನ್ನು 26ನೆಯ ರನ್‌ವೇ ಮೇಲೆ ಇಳಿಸಿದಳು. ನಾನು ಮರಳಿ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಚೆನ್ನಾಗಿ ಹಾರಿಸುತ್ತಿರುವವರ ಕೈಯಿಂದ ವಿಮಾನ ಕಸಿದುಕೊಳ್ಳುವುದು ಇನ್ನೊಂದು ಅಪಾಯವನ್ನು ಕರೆದಂತೆ.

ಇಳಿಯುವಾಗ ಬಿಳಿ ಟೋಪಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ‘ಸಾಹೇಬ್ರ, ನಿಮ್ಮಲ್ಲಿನೂ ಲೋಡ್‌ಶೆಡ್ಡಿಂಗ್ ಐತೇನ್ರಿ?’ ಎಂದು ಕೇಳಿದರು. ಹೌದೆಂದೇ ಹೇಳಿದೆ, ಅದು ಸುಳ್ಳೂ ಅಲ್ಲ. ಭಾರ ಹೆಚ್ಚಾದರೆ ವಿಮಾನ ಮೊದಲು ಅಡುಗೆಯ ಕರೆಂಟನ್ನೇ ಕಡಿಯುತ್ತದೆ.

ವಿಮಾನ ಆ ರಾತ್ರಿ ಅಲ್ಲಿಯೇ ನಿಂತಿತು. ಮರುದಿನ ಎಂಜಿನಿಯರುಗಳು ಫಲಕ ಬಿಚ್ಚಿದಾಗ ಒಂದು ದಪ್ಪ ತಂತಿಯ ಜೋಡಣೆಯಲ್ಲಿ ತಿರುಪು ಸಡಿಲಾಗಿ, ಸುತ್ತಲಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಬಿರಿದಿತ್ತು. ನಾನು ವರದಿ ಬರೆಯುತ್ತಾ, ಜನರೇಟರಿನ ಗುಂಡಿಯನ್ನು ಮುಟ್ಟಲು ಯಾರೂ ಹೋಗಲಿಲ್ಲ ಎಂಬ ಸಾಲನ್ನು ಸಹಪೈಲಟ್‌ಗೆ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ನಿಮ್ಮ ಕೈ ಮ್ಯಾಲ ಹೋಗಿತ್ರಿ. ನಾನು ಕನ್‌ಫರ್ಮ್ ಅಂತ ಕೇಳಿದ್ದೆ, ಆಮ್ಯಾಲ ನೀವು ಕೈ ಇಳಿಸಿದ್ರಿ’ ಎಂದಳು. ನನಗೆ ಅದು ಇಂದಿಗೂ ನೆನಪಿಲ್ಲ. ಆ ಸಾಲನ್ನು ಹೊಡೆದು ಹಾಕಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದು ಇಬ್ಬರೂ ಸಹಿ ಮಾಡಿದೆವು.