ಮಕ್ಕಳ ಮೈ ಕಾರಣವಿಲ್ಲದೆ ನೀಲಿಗಟ್ಟಿದಾಗ ಪರಿಶೀಲಿಸಬೇಕಾದ ಸಂಗತಿಗಳು

ಓಡಾಡುವ ಮಗುವಿನ ಮೊಣಕಾಲು ಮತ್ತು ಹಣೆಯ ಮೇಲೆ ನೀಲಿಗಟ್ಟಿದ ಗುರುತುಗಳಿರುವುದು ಸಹಜ. ಆದರೆ ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಎಲ್ಲಿಯೇ ಆಗಲಿ, ದೊಡ್ಡ ಮಕ್ಕಳ ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಗಳ ಮೇಲೆ ಬಿದ್ದ ನೆನಪಿಲ್ಲದೆಯೇ ಆಗಲಿ, ಇಂತಹ ಗುರುತು ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಗಾಜಿನ ಲೋಟವನ್ನು ಒತ್ತಿ ನೋಡಿ; ಜ್ವರವಿದ್ದು, ಒತ್ತಿದಾಗಲೂ ಚುಕ್ಕೆ ಮಾಯವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಬೆಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ಇಂತಹ ಚುಕ್ಕೆಗಳಿಗೆ ಡೆಂಗಿಯೇ ಕಾರಣವೆಂದು ಊಹಿಸಿ ಪ್ಲೇಟ್‌ಲೆಟ್ ಎಣಿಕೆ ಮಾಡಿಸುವುದು ವಾಡಿಕೆ. ಆ ಎಚ್ಚರ ತಪ್ಪಲ್ಲ. ಆದರೆ ಎಣಿಕೆ 1.5 ಲಕ್ಷದಿಂದ 4.5 ಲಕ್ಷದೊಳಗಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬಾರದು, ಏಕೆಂದರೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಆನುವಂಶಿಕ ಕಾಯಿಲೆ) ಇರುವ ಮಗುವಿನಲ್ಲಿಯೂ ಈ ಸಂಖ್ಯೆ ಸಾಮಾನ್ಯವಾಗಿಯೇ ಇರುತ್ತದೆ.

ಆದ್ದರಿಂದ ವರದಿಗಿಂತ ಮೊದಲು ಮಗುವಿನ ಹಿನ್ನೆಲೆಯನ್ನು ಬರೆದಿಟ್ಟುಕೊಳ್ಳಿ. ಹೊಕ್ಕುಳಬಳ್ಳಿ ಬಿದ್ದಾಗ ರಕ್ತ ನಿಲ್ಲಲಿಲ್ಲವೇ, ಲಸಿಕೆ ಹಾಕಿಸಿದ ತೊಡೆ ಗಡ್ಡೆಯಂತೆ ಊದಿತ್ತೇ, ಕಿವಿ ಚುಚ್ಚಿಸಿದಾಗ ಅಥವಾ ಹಾಲುಹಲ್ಲು ಬಿದ್ದಾಗ ಬಹಳ ಹೊತ್ತು ರಕ್ತ ಸೋರಿತ್ತೇ, ಪೆಟ್ಟಿಲ್ಲದೆ ಮೊಣಕಾಲು ಬಾತಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಗಂಡುಮಗುವಾದರೆ ಸೋದರಮಾವಂದಿರಲ್ಲಿ ಇಂತಹ ತೊಂದರೆ ಇತ್ತೇ ಎಂದು ಅಜ್ಜಿಯನ್ನು ಕೇಳಿ. ಹಿಮೋಫಿಲಿಯಾ ತಾಯಿಯ ಕಡೆಯಿಂದ ಬರುವುದು ಹೆಚ್ಚು. ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಿ, ಏಕೆಂದರೆ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಿದ್ದರೂ ಅವು ಕೆಲಸ ಮಾಡದಿರುವ ಅಪರೂಪದ ಕಾಯಿಲೆಗಳು ಅಂತಹ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಗುರುತು ಹೇಗಾಯಿತೆಂದು ವೈದ್ಯರು ಮತ್ತೆ ಮತ್ತೆ ಕೇಳಿದರೆ ನೊಂದುಕೊಳ್ಳಬೇಡಿ. ಯಾರಾದರೂ ಮಗುವನ್ನು ಹೊಡೆದಿರಬಹುದೇ ಎಂಬುದನ್ನು ತಿಳಿಯುವುದೂ ಅವರ ಕರ್ತವ್ಯ.

ಮೊದಲ ಹಂತದಲ್ಲಿ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಸೂಕ್ಷ್ಮದರ್ಶಕದಡಿ ರಕ್ತಲೇಪನದ ಪರೀಕ್ಷೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ ಮತ್ತು ಎಪಿಟಿಟಿ ಸಾಕು. ಹಿಮೋಫಿಲಿಯಾದಲ್ಲಿ ಎಪಿಟಿಟಿ ಮಾತ್ರ ದೀರ್ಘವಾಗಿರುತ್ತದೆ. ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ಆನುವಂಶಿಕ ರಕ್ತಸ್ರಾವದ ಕಾಯಿಲೆಯಲ್ಲಿ ಇವೆಲ್ಲವೂ ಸರಿಯಾಗಿ ಬರಬಹುದಾದ್ದರಿಂದ, ಹಿನ್ನೆಲೆಯಲ್ಲಿ ರಕ್ತಸ್ರಾವದ ಸೂಚನೆಗಳು ಬಲವಾಗಿದ್ದರೆ ಮಕ್ಕಳ ರಕ್ತರೋಗ ತಜ್ಞರನ್ನು ಕಾಣಲು ಹಿಂಜರಿಯಬೇಡಿ. ವೈರಲ್ ಜ್ವರ ಬಂದುಹೋದ ಕೆಲವು ವಾರಗಳಲ್ಲಿ, ಗೆಲುವಾಗಿಯೇ ಇರುವ ಮಗುವಿನ ಪ್ಲೇಟ್‌ಲೆಟ್ ಮಾತ್ರ ಕುಸಿದಿದ್ದರೆ ಅದು ಐಟಿಪಿ (ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಸ್ಥಿತಿ) ಇರಬಹುದು; ಹೆಚ್ಚಿನ ಮಕ್ಕಳು 6 ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಮಗು ಬಿಳಿಚಿಕೊಂಡಿದ್ದು, ಕಾಲುಮೂಳೆ ನೋವು, ಗಂಟಲ ಗ್ರಂಥಿಗಳ ಊತವೂ ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಾರಣ ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಮಾಂಸಖಂಡಕ್ಕೆ ಚುಚ್ಚುಮದ್ದು ಹಾಕಿಸುವ ಮುನ್ನ ವೈದ್ಯರಿಗೆ ವಿಷಯ ತಿಳಿಸಿ. ಮೂಗಿನಿಂದ ರಕ್ತ ಬಂದರೆ ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆಗೆ ಪೆಟ್ಟು, ತೀವ್ರ ತಲೆನೋವು, ನಿಲ್ಲದ ವಾಂತಿ, ಕಪ್ಪು ಮಲ ಕಂಡರೆ 108ಕ್ಕೆ ಕರೆ ಮಾಡಿ ಅಥವಾ ಬೆಂಗಳೂರಿನ ವಾಣಿವಿಲಾಸ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಆಸ್ಪತ್ರೆಗೆ, ಬರೆದಿಟ್ಟ ವಿವರಗಳೊಂದಿಗೆ ನೇರವಾಗಿ ಕರೆದೊಯ್ಯಿರಿ.