ಬೆಟ್ಟದ ಹಾದಿಯಲ್ಲಿ ರೈಲು ಸಿಮ್ಯುಲೇಟರ್ ನಡೆಸುವ ಬಗೆ

ಚಿಕ್ಕಬಳ್ಳಾಪುರದಿಂದ ಯಲಹಂಕದ ಕಡೆಗೆ ರೈಲಿನಲ್ಲಿ ಹೊರಟು ಕಿಟಕಿ ಪಕ್ಕ ಕುಳಿತವರಿಗೆ, ನಂದಿ ಹಾಲ್ಟ್ ದಾಟುವವರೆಗೂ ಬೆಟ್ಟದಿಂದ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ಅದೇ ಹೊತ್ತಿಗೆ ಎಂಜಿನ್ನಿನಲ್ಲಿರುವ ಲೋಕೋ ಪೈಲಟ್ ಮುಂದಿನ ಸಿಗ್ನಲ್ಲನ್ನೇ ನೋಡುತ್ತಿರುತ್ತಾರೆ. ಕಂಪ್ಯೂಟರಿನಲ್ಲಿ ರೈಲು ನಡೆಸುವ ಸಿಮ್ಯುಲೇಟರಿನಲ್ಲಿ ಈ ಎರಡು ನೋಟಗಳೂ ನಿಮ್ಮ ಪಾಲಿನವು. ಹಾದಿಯ ಪರಿಚಯವಾದ ಮೇಲಷ್ಟೇ ಅವೆರಡೂ ಒಟ್ಟಿಗೆ ಒದಗುತ್ತವೆ ಎಂಬುದು ನನ್ನ ಅನುಭವ.

ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗವನ್ನೇ ತೆಗೆದುಕೊಳ್ಳಿ. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಮಾರ್ಗ 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರಿನಲ್ಲಿಯೇ ಇತ್ತು. ಅದರ ಕಡತಗಳು ನಿಮ್ಮಲ್ಲಿದ್ದರೆ ಉಚಿತವಾದ ಓಪನ್ ರೈಲ್ಸ್ ತಂತ್ರಾಂಶದಲ್ಲಿ ಇಂದಿಗೂ ನಡೆಸಬಹುದು. ಮೊದಲ ಸಲ ವೇಳಾಪಟ್ಟಿಯ ಸನ್ನಿವೇಶವನ್ನು ಆರಿಸಬೇಡಿ. ಋತು, ಹವಾಮಾನ, ಹೊರಡುವ ಸಮಯಗಳನ್ನು ನೀವೇ ನಿಗದಿಪಡಿಸುವ ಮುಕ್ತ ಓಟದಲ್ಲಿ, ಬೇಸಿಗೆಯ ಹಗಲಿನಲ್ಲಿ, ಚಿಕ್ಕದೊಂದು ಪ್ಯಾಸೆಂಜರ್ ರೈಲಿನೊಡನೆ ಸೆಟಲ್‌ನಿಂದ ಉತ್ತರಕ್ಕೆ ಹೊರಡಿ. ಎಫ್4 ಒತ್ತಿದರೆ ವೇಗಮಿತಿ, ಏರಿಳಿತ, ಮುಂದಿನ ಸಿಗ್ನಲ್ ಕಾಣುತ್ತವೆ. ನಮ್ಮ ರೈಲ್ವೆಯಲ್ಲಿಯೂ ಹೊಸ ಮಾರ್ಗದ ಹೊಣೆ ವಹಿಸುವ ಮುನ್ನ ಲೋಕೋ ಪೈಲಟ್‌ಗಳು ಆ ಹಾದಿಯಲ್ಲಿ ಓಡಾಡಿ ಕಲಿಯುತ್ತಾರೆ. ಹಾಗೆಯೇ ನೀವೂ ಏರು ಎಲ್ಲಿ ಆರಂಭ, ಬ್ರೇಕ್ ಎಲ್ಲಿ ಹಾಕಬೇಕಾಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಸೆಟಲ್ ಬಿಟ್ಟ ಮೇಲಿನ ಏರು ಬಹುಪಾಲು ನೂರು ಮೀಟರಿಗೆ ಒಂದು ಮೀಟರಿನಷ್ಟು. ಕಾರಿನಲ್ಲಿ ಇದು ಗಮನಕ್ಕೇ ಬಾರದು; ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆಯಾದ್ದರಿಂದ ರೈಲಿಗೆ ಇದೇ ದೊಡ್ಡ ಏರು. ಶಕ್ತಿಯನ್ನು ಒಂದೊಂದೇ ಹಂತ ಏರಿಸಿ. ಗಾಲಿ ಜಾರಿದರೆ ತಕ್ಷಣ ಇಳಿಸಿ, ಹಿಡಿತಕ್ಕಾಗಿ ಹಳಿಯ ಮೇಲೆ ಮರಳು ಬಿಡಿ.

ಇಳಿಜಾರು ಇದಕ್ಕಿಂತ ಕಷ್ಟ. ಈ ಮಾರ್ಗದ ಅತಿ ಎತ್ತರದ ಜಾಗವಾದ, 356 ಮೀಟರ್ ಎತ್ತರದ ಐಸ್ ಗಿಲ್ ದಾಟಿದೊಡನೆ ರೈಲು ತಾನಾಗಿಯೇ ವೇಗ ಪಡೆಯುತ್ತದೆ. ಏರ್ ಬ್ರೇಕಿನಲ್ಲಿ ಪೈಪಿನ ಒತ್ತಡ ಇಳಿದಾಗ ಬ್ರೇಕ್ ಹಿಡಿಯುತ್ತದೆ, ಒತ್ತಡ ಮತ್ತೆ ತುಂಬಿದಾಗ ಬಿಡುತ್ತದೆ. ಎರಡಕ್ಕೂ ಸಮಯ ಬೇಕು. ಗಾಬರಿಯಿಂದ ಮೇಲಿಂದ ಮೇಲೆ ಹಾಕಿ ಬಿಟ್ಟರೆ ಬೋಗಿಗಳ ಗಾಳಿಯ ಸಂಗ್ರಹ ಬರಿದಾಗಿ, ಬೇಕಾದಾಗ ಬ್ರೇಕೇ ಹಿಡಿಯದು. ಆದ್ದರಿಂದ ವೇಗ ಮಿತಿಯನ್ನು ಮುಟ್ಟುವ ಮೊದಲೇ ಸ್ವಲ್ಪ ಹಾಕಿ, ಅದು ಹಿಡಿಯುವವರೆಗೆ ಕಾಯಿರಿ.

ಇಷ್ಟು ಕೈಗೆ ಹತ್ತಿದ ಮೇಲೆ ನೋಟದ ಕಡೆಗೆ ಬನ್ನಿ. ರಿಬಲ್‌ಹೆಡ್ ನಿಲ್ದಾಣದಾಚೆ 24 ಕಮಾನುಗಳ ಸೇತುವೆ, ಅದರ ನಂತರ ಬ್ಲೀ ಮೂರ್ ಸುರಂಗ. ಸೇತುವೆಯ ಮೇಲೆ ಎಂಜಿನ್ನಿನೊಳಗೇ ಇರಿ; ಹೊರಗಿನ ಕ್ಯಾಮೆರಾ ತೋರಿಸುವ ಚಿತ್ರ ಚೆಂದವೇ, ಆದರೆ ಬಯಲು ಇಬ್ಬದಿಯಲ್ಲೂ ಕೆಳಗಿಳಿದು ಕತ್ತಲ ಬಾಯಿ ಎದುರಾಗುವ ಆ ಅನುಭವ ಚಾಲಕನ ಆಸನದಲ್ಲಿ ಮಾತ್ರ ಸಿಗುತ್ತದೆ. ಎರಡನೆಯ ಓಟಕ್ಕೆ ಮಳೆಯನ್ನೋ ಹಿಮವನ್ನೋ ಆರಿಸಿ, ಮೂರನೆಯದನ್ನು ಕಾರ್ಲೈಲ್‌ನಿಂದ ದಕ್ಷಿಣಕ್ಕೆ ನಡೆಸಿ. ಆಗ ಏರು ಇಳಿಜಾರಾಗುತ್ತದೆ, ಎದುರಿಗೆ ಬರುವ ಸಿಗ್ನಲ್ಲುಗಳೂ ಬೇರೆ. ಆ ದಿಕ್ಕಿಗೆಂದು ನೋಟ್‌ಬುಕ್ಕಿನಲ್ಲಿ ಹೊಸ ಪುಟವನ್ನೇ ತೆರೆಯಿರಿ.